ನಕ್ಷೆ ಮತ್ತು ಕೈಫಿಯತ್ತು

ನಮ್ಮ ಶಾಲೆಗಳಲ್ಲಿ ಇತಿಹಾಸ ಒಂದು ಪೀರಿಯಡ್ಡು, ಭೂಗೋಳ ಇನ್ನೊಂದು ಪೀರಿಯಡ್ಡು. ನಡುವೆ ಗಂಟೆ ಹೊಡೆಯುತ್ತದೆ. ಗಂಟೆ ಹೊಡೆದೊಡನೆ ಅರಸರು, ದಂಡನಾಯಕರು, ಗವರ್ನರ್ ಜನರಲ್‌ಗಳು ತರಗತಿಯಿಂದ ಹೊರಟುಹೋಗುತ್ತಾರೆ. ನದಿ, ಬೆಟ್ಟ, ಮಣ್ಣಿನ ವಿಧಗಳು ಒಳಗೆ ಬರುತ್ತವೆ. ಇವರೆಲ್ಲ ಒಂದೇ ನೆಲದ ಮೇಲೆ ಇದ್ದವರು ಎಂಬುದು ಮಕ್ಕಳಿಗೆ ಹೊಳೆಯುವುದೇ ಇಲ್ಲ. ಸಮಾಜ ವಿಜ್ಞಾನವೆಂದು ಎರಡನ್ನೂ ಒಂದೇ ರಟ್ಟಿನೊಳಗೆ ಹೊಲಿದು ಕೊಟ್ಟ ಮೇಲೂ ಆ ಗಂಟೆಯ ಸದ್ದು ನಿಂತಿಲ್ಲ.

ಪರೀಕ್ಷೆಗೆ ಭಾರತದ ನಕ್ಷೆ ಬರೆಸುತ್ತೇವೆ. 'ಭದ್ರಾವತಿಯನ್ನು ಗುರುತಿಸಿ' ಎಂದರೆ ಭದ್ರಾವತಿಯ ಮಕ್ಕಳೇ ಕರ್ನಾಟಕದ ನಡುವೆ ಎಲ್ಲೋ ಒಂದು ಚುಕ್ಕೆ ಇಟ್ಟು, ಪಕ್ಕದಲ್ಲಿ 'ಕಬ್ಬಿಣ ಮತ್ತು ಉಕ್ಕು' ಎಂದು ಬರೆದು ಒಂದು ಅಂಕ ತೆಗೆದುಕೊಳ್ಳುತ್ತಾರೆ. ಆ ಚುಕ್ಕೆಯ ಒಳಗೆ ತಮ್ಮ ಮನೆ, ತಮ್ಮ ಕೇರಿಯ ಬಾವಿ, ಅಜ್ಜಿಯ ಊರಿನ ಗದ್ದೆ ಇವೆಯೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಆ ಚುಕ್ಕೆಯನ್ನು ಬಿಡಿಸಿ ಚಾಪೆಯಂತೆ ಹಾಸಿದರೆ ಏನು ಕಾಣುತ್ತದೋ ಅದೇ ಟೊಪೊಶೀಟು.

ನನಗೆ ಈ ಹಾಳೆಗಳ ರುಚಿ ಹತ್ತಿಸಿದವರು ನಮ್ಮ ಶಾಲೆಯ ಭೂಗೋಳದ ಮೇಷ್ಟ್ರು. ಬಿ.ಎ. ತರಗತಿಯಲ್ಲಿ ನಾನು ಓದಿದ ಇತಿಹಾಸದಲ್ಲಿ ನಕ್ಷೆಯೆಂದರೆ ಅಶೋಕನ ಸಾಮ್ರಾಜ್ಯ ಎಲ್ಲಿಯವರೆಗೆ ಇತ್ತು ಎಂಬ ಬಣ್ಣದ ಚಿತ್ರ, ಅಷ್ಟೆ. ಮೇಷ್ಟ್ರು ನಿವೃತ್ತರಾಗುವಾಗ ತಮ್ಮ ಟ್ರಂಕಿನಿಂದ ಎರಡು ಹಾಳೆ ತೆಗೆದು, "ನೋಡಮ್ಮ, ಇವು ಭೂಗೋಳ ಅಲ್ಲ, ನಿನ್ನ ಸಬ್ಜೆಕ್ಟೇ" ಎಂದು ಕೊಟ್ಟುಹೋದರು. ಒಂದು ಹಳೆಯದು, ಒಂದು ಮೈಲಿಗೆ ಒಂದು ಇಂಚಿನ ಲೆಕ್ಕದ್ದು. ಇನ್ನೊಂದು ಮೆಟ್ರಿಕ್ ಅಳತೆ ಬಂದ ಮೇಲಿನದು, ಒಂದು ಕಿಲೋಮೀಟರಿಗೆ ಎರಡು ಸೆಂಟಿಮೀಟರು. ಎರಡೂ ಒಂದೇ ಜಾಗದವು. ಎರಡರ ನೆತ್ತಿಯ ಮೇಲೂ 48 ಓ/9 ಎಂದು ಬರೆದಿದೆ.

ಈ ಅಂಕಿಯ ಲೆಕ್ಕ ಕಷ್ಟದ್ದಲ್ಲ. 1767ರಲ್ಲಿ ಹುಟ್ಟಿದ ಸರ್ವೆ ಆಫ್ ಇಂಡಿಯಾ ಮುಂದೆ ಇಡೀ ದೇಶವನ್ನು ನಾಲ್ಕು ಡಿಗ್ರಿಯ ಚೌಕಗಳಾಗಿ ಹಂಚಿಕೊಂಡಿತು. ನಮ್ಮದು 48ನೆಯ ಚೌಕ: 12ರಿಂದ 16 ಡಿಗ್ರಿ ಉತ್ತರ ಅಕ್ಷಾಂಶ, 72ರಿಂದ 76 ಡಿಗ್ರಿ ಪೂರ್ವ ರೇಖಾಂಶ. ಅದನ್ನು ಎ ಇಂದ ಪಿ ವರೆಗೆ ಹದಿನಾರು ಪಾಲು ಮಾಡಿ, ಒಂದೊಂದು ಪಾಲನ್ನೂ ಮತ್ತೆ ಹದಿನಾರು ಮಾಡಿದರೆ ಒಂದು ಹಾಳೆ. ಹೀಗೆ ಓ ಎಂಬ ಪಾಲಿನ ಒಂಬತ್ತನೆಯ ತುಂಡಿನಲ್ಲಿ ಶಿವಮೊಗ್ಗ, ಭದ್ರಾವತಿ ಎರಡೂ ಕುಳಿತಿವೆ. ಹಳೆಯ ಹಾಳೆಯ ಮೇಲೆ ಒಂದರಿಂದ ಇನ್ನೊಂದಕ್ಕೆ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ದೂರ. ಎಡಗಡೆ ತುಂಗೆ, ಬಲಗಡೆ ಭದ್ರೆ, ಇಬ್ಬರೂ ಉತ್ತರಕ್ಕೆ ಹೋಗುತ್ತಾರೆ. ಆದರೆ ಅವರು ಕೂಡುವ ಕೂಡಲಿ ಮಾತ್ರ ಹಾಳೆಯ ಮೇಲಂಚನ್ನು ದಾಟಿ ಕೂದಲೆಳೆಯಷ್ಟು ಆಚೆಗೆ ಬೀಳುತ್ತದೆ. ಅದನ್ನು ನೋಡಬೇಕಾದರೆ 48 ಎನ್/12 ಎಂಬ ಬೇರೆ ಹಾಳೆ ಬೇಕು. ಚೌಕ ಕೊರೆದವರಿಗೆ ಸಂಗಮ ಕಂಡಿರಲಿಲ್ಲ, ಕಂಡಿದ್ದು ಡಿಗ್ರಿ ಮಿನಿಟು. ನಕ್ಷೆಯನ್ನು ನಂಬುವ ಮೊದಲು ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಹಳೆಯ ಹಾಳೆಯ ಕೆಳ ಅಂಚನ್ನು ಗೆದ್ದಲು ತಿಂದಿದೆ. ಇಸವಿ ಇರುವುದು ಅಲ್ಲಿಯೇ. ಆದ್ದರಿಂದ ಮಕ್ಕಳಿಗೆ ನಾನು ಕೊಡುವ ಮೊದಲನೆಯ ಕೆಲಸ ಈ ಹಾಳೆಯ ವಯಸ್ಸು ಹೇಳುವುದು. ದನದ ಹಲ್ಲು ನೋಡಿ ವಯಸ್ಸು ಹೇಳುವಂತೆ ನಕ್ಷೆಗೂ ಹಲ್ಲುಗಳಿವೆ. ಬೀರೂರಿನ ಕಡೆಯಿಂದ ಬಂದ ರೈಲು ದಾರಿ ಶಿವಮೊಗ್ಗದಲ್ಲಿ ನಿಂತುಬಿಟ್ಟಿದೆ. ಆ ದಾರಿ ಆದದ್ದು 1899ರಲ್ಲಿ. ಅದು ಮುಂದುವರಿದು ತಾಳಗುಪ್ಪ ಮುಟ್ಟಿದ್ದು 1940ರಲ್ಲಿ. ಹಾಗಾದರೆ ಹಾಳೆ ಈ ಎರಡರ ನಡುವಿನದು. ಇನ್ನೂ ಸ್ವಲ್ಪ ಹತ್ತಿರಕ್ಕೆ ಬರೋಣ. ಭದ್ರೆಯ ದಂಡೆಯಲ್ಲಿ ಕಾರ್ಖಾನೆಯ ಸುಳಿವೇ ಇಲ್ಲ, ಊರಿನ ಹೆಸರು ಬೆಂಕಿಪುರ. ಮೈಸೂರು ಕಬ್ಬಿಣದ ಕಾರ್ಖಾನೆಯ ಆರಂಭ 1918, ಅಲ್ಲಿ ಉತ್ಪಾದನೆ ಶುರುವಾದದ್ದು 1923ರ ಜನವರಿ 18ರಂದು. ಅಂದಮೇಲೆ ಹಾಳೆಗಾಗಿ ನೆಲ ಅಳೆದದ್ದು 1899 ಮತ್ತು 1918ರ ಮಧ್ಯೆ. ಈ ಲೆಕ್ಕ ಬಿಡಿಸಿದ ದಿನ ಮಕ್ಕಳಿಗೆ ಆಗುವ ಹಿಗ್ಗು ಪಾಣಿಪತ್ತಿನ ಮೂರೂ ಯುದ್ಧಗಳನ್ನು ಬಾಯಿಪಾಠ ಮಾಡಿದರೂ ಆಗುವುದಿಲ್ಲ.

ಬೆಂಕಿಪುರ ಎಂಬ ಹೆಸರು ಕೇಳಿ ಅವರಿಗೆ ನಗು. ವಂಕಿಪುರವೆಂಬುದು ಜನರ ಬಾಯಲ್ಲಿ ಬೆಂಕಿಪುರವಾಯಿತೆಂದು ಹೇಳುತ್ತಾರೆ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನದ ಸುತ್ತ ಇದ್ದ ಪುಟ್ಟ ಊರು ಅದು. ಹೆಸರಿನಲ್ಲಿದ್ದ ಬೆಂಕಿ ಕುಲುಮೆಗೆ ಬಂದ ಕಾಲಕ್ಕೆ ಹೆಸರು ಮಾತ್ರ ತಣ್ಣಗೆ ಭದ್ರಾವತಿಯಾಯಿತು.

ಇನ್ನು ಎರಡು ಹಾಳೆಗಳನ್ನು ಅಕ್ಕಪಕ್ಕ ಹಾಸಿ ನೋಡಬೇಕು. ಹಸಿರು ಕಾಡು, ಹಳದಿ ಸಾಗುವಳಿ, ನೀಲಿ ನೀರು, ಕಂದು ಬಣ್ಣದ ಎಳೆಗಳು ನೆಲದ ಏರುತಗ್ಗು ಹೇಳುವ ಸಮೋನ್ನತಿ ರೇಖೆಗಳು. ಹೊಸ ಹಾಳೆಯಲ್ಲಿ ಹಳದಿ ಹೆಚ್ಚಾಗಿದೆ, ಹಸಿರು ಹಿಂದಕ್ಕೆ ಸರಿದಿದೆ. ಯಾಕೆ? ಕೆಮ್ಮಣ್ಣುಗುಂಡಿಯ ಅದಿರು ಇದ್ದರೂ ಅದನ್ನು ಕರಗಿಸಲು ನಮ್ಮಲ್ಲಿ ಕಲ್ಲಿದ್ದಲಿರಲಿಲ್ಲ. ವಿಶ್ವೇಶ್ವರಯ್ಯನವರ ಕಾರ್ಖಾನೆ ಶುರುವಾದದ್ದೇ ಸೌದೆಯ ಇದ್ದಿಲಿನ ಮೇಲೆ. ಮರದಿಂದ ಇದ್ದಿಲು ಮಾಡುವಾಗ ಬರುವ ಹೊಗೆಯನ್ನೂ ಹಾಳು ಮಾಡದೆ ಸ್ಪಿರಿಟ್ಟು, ಟಾರು ತೆಗೆಯುವ ಘಟಕವನ್ನು ಅಲ್ಲಿ ಕಟ್ಟಿದ್ದರು. ಸೌದೆ ತರಲು ಕಾಡಿನೊಳಕ್ಕೆ ಸಣ್ಣ ಟ್ರಾಂ ದಾರಿಗಳು ಹೋದವು. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ನಮ್ಮ ಬೀದಿಯ ಹಿರಿಯರೊಬ್ಬರು ಮಕ್ಕಳಿಗೆ ಹೇಳಿದ ಮಾತು ಇದು: "ಕಬ್ಬಿಣ ತಿಂದದ್ದು ಕಾಡನ್ನ ಕಣ್ರೋ. ನಾವು ಬರೀ ಬಡಿಸೋರು." ಈ ಮಾತು ಯಾವ ನಕ್ಷೆಯಲ್ಲೂ ಇಲ್ಲ. ಆದರೆ ನಕ್ಷೆಯಲ್ಲಿ ಹಸಿರು ಸವೆದದ್ದನ್ನು ನೋಡಿರದಿದ್ದರೆ ಅವರನ್ನು ಹೋಗಿ ಕೇಳಬೇಕೆಂದೂ ಮಕ್ಕಳಿಗೆ ತೋಚುತ್ತಿರಲಿಲ್ಲ.

ನೀಲಿಯ ಕಥೆಯೂ ಹೀಗೆಯೇ. ಹಳೆಯ ಹಾಳೆಯಲ್ಲಿ ನೀಲಿಯೆಂದರೆ ಎರಡು ಹೊಳೆ ಮತ್ತು ಹೊಲಗಳ ನಡುವೆ ಚೆಲ್ಲಿದಂತಿರುವ ಕೆರೆಕಟ್ಟೆಗಳು. ಹೊಸದರಲ್ಲಿ ಭದ್ರಾ ಕಾಲುವೆ ಬಂದಿದೆ. ಲಕ್ಕವಳ್ಳಿಯ ಅಣೆಕಟ್ಟು ಈ ಹಾಳೆಯ ಕೆಳಗಿನ 48 ಓ/10ರಲ್ಲಿ ಸಿಗುತ್ತದೆ. 186 ಅಡಿ ತುಂಬಿತೆಂದರೆ ಇಂದಿಗೂ ನಮ್ಮ ಕಡೆ ಅದೊಂದು ಹಬ್ಬದ ಸುದ್ದಿ. ಕಾಲುವೆ ಸಮೋನ್ನತಿ ರೇಖೆಯನ್ನು ಹಿಡಿದುಕೊಂಡೇ ಹೇಗೆ ಬಳಸಿ ಬಳಸಿ ಹೋಗುತ್ತದೆಂದು ಬೆರಳಿಟ್ಟು ತೋರಿಸಿದರೆ ನೀರು ಇಳಿಜಾರನ್ನು ಕಾಯ್ದುಕೊಳ್ಳುವ ಬಗೆ ಮಕ್ಕಳಿಗೆ ತಾನಾಗಿ ತಿಳಿಯುತ್ತದೆ. ಕಾಲುವೆ ಬಂದ ಮೇಲೆ ಎಷ್ಟೋ ಸಣ್ಣ ಕೆರೆಗಳನ್ನು ಕೇಳುವವರಿಲ್ಲವಾಯಿತು. ಹೂಳು ತುಂಬಿತು, ಏರಿ ಒಡೆಯಿತು, ಆಮೇಲೆ ಸೈಟುಗಳಾದವು. ಆದರೆ ನೀರು ಹೋದ ಮೇಲೂ ಹೆಸರು ಉಳಿಯುತ್ತದೆ. ಅಬ್ಬಲಗೆರೆ, ಕೂಡ್ಲಿಗೆರೆ, ಬೊಮ್ಮನಕಟ್ಟೆ ಎಂಬ ಹೆಸರುಗಳಲ್ಲಿ ಕೆರೆಯೂ ಕಟ್ಟೆಯೂ ಕೂತೇ ಇವೆ. ಸಂತೆಕಡೂರಿನಲ್ಲಿ ಸಂತೆಯಿದೆ. ಶಿವಮೊಗ್ಗದ ಬಸ್ಸುಗಳ ಮೇಲೆ ಬಡಾವಣೆಗಳ ಹೆಸರಾಗಿ ಓದುವ ನವುಲೆ, ಗೋಪಾಳ, ಆಲ್ಕೊಳ, ಗಾಡಿಕೊಪ್ಪಗಳು ಹಳೆಯ ಹಾಳೆಯಲ್ಲಿ ಊರಾಚೆಯ ಹಳ್ಳಿಗಳು. ಅವಕ್ಕೂ ಪೇಟೆಗೂ ಮಧ್ಯೆ ಗದ್ದೆ ಬಯಲು. ಮಳೆಗಾಲದಲ್ಲಿ ಯಾವ ಬೀದಿಗೆ ನೀರು ನುಗ್ಗುತ್ತದೆಂದು ತಿಳಿಯಬೇಕಾದರೆ ಪುರಸಭೆಯವರನ್ನು ಕೇಳುವುದಕ್ಕಿಂತ ಹಳೆಯ ಹಾಳೆ ನೋಡುವುದು ಲೇಸು. ನೀರು ತನ್ನ ಹಳೆಯ ಮನೆಯ ವಿಳಾಸ ಮರೆಯುವುದಿಲ್ಲ.

ನೆಲವನ್ನು ಅಳೆಯುವುದು ನಮಗೆ ಇಂಗ್ಲಿಷರು ಕಲಿಸಿದ್ದಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. 1645ರಿಂದ 1660ರವರೆಗೆ ಆಳಿದ ಕೆಳದಿಯ ಶಿವಪ್ಪನಾಯಕ ಜಮೀನು ಅಳೆಯಿಸಿ, ಮಣ್ಣಿನ ತರ ನೋಡಿ, ಕಂದಾಯ ಗೊತ್ತುಮಾಡಿದ. ಅದೇ 'ಶಿವಪ್ಪನಾಯಕನ ಶಿಸ್ತು'. ನಾವು ಬೆಳಗಿನ ಪ್ರಾರ್ಥನೆಯಲ್ಲಿ ಸಾಲು ಕೆಡಿಸಿದ ಮಕ್ಕಳಿಗೆ 'ಶಿಸ್ತು, ಶಿಸ್ತು' ಎಂದು ಗದರಿಸುವಾಗ ಈ ನಾಡಿನಲ್ಲಿ ಆ ಪದದ ಹಿಂದೆ ಒಂದು ಕಂದಾಯದ ಲೆಕ್ಕ ಇದೆಯೆಂದು ಯಾರು ನೆನೆಯುತ್ತಾರೆ? ಆಮೇಲೆ 1863ರಲ್ಲಿ ಮೈಸೂರು ಸೀಮೆಯಲ್ಲಿ ರೆವಿನ್ಯೂ ಸರ್ವೆ ಶುರುವಾಗಿ, ಸರ್ವೆ ನಂಬರು, ಬಾಂದುಕಲ್ಲು, ಖರಾಬು, ಗುಂಟೆಗಳ ಭಾಷೆ ಪ್ರತಿ ಮನೆಗೂ ಬಂತು. ಹಳ್ಳಿಯ ನಕಾಶೆ ಯಾರ ಹೊಲ ಎಲ್ಲಿಯವರೆಗೆ ಎಂದು ಹೇಳುತ್ತದೆ. ಟೊಪೊಶೀಟಿಗೆ ಆ ಗೊಡವೆಯಿಲ್ಲ. ದಂಡು ಹೋಗುವ ದಾರಿ, ಹೊಳೆ ದಾಟುವ ಜಾಗ, ಗುಡ್ಡದ ಎತ್ತರ, ತಂಗುವ ಬಂಗಲೆ ಅದಕ್ಕೆ ಬೇಕು. ಅದು ದೂರದಿಂದ ಬಂದವನ ಕಣ್ಣು.

ಹಾಗೆ ದೂರದಿಂದ ಬಂದು ನಮ್ಮ ನೆಲವನ್ನು ಅಳೆದವರಲ್ಲಿ ಒಬ್ಬನನ್ನು ಮಾತ್ರ ನಾನು ಮಕ್ಕಳಿಗೆ ವಿಶೇಷವಾಗಿ ಹೇಳುತ್ತೇನೆ. ಟಿಪ್ಪು 1799ರಲ್ಲಿ ಮಡಿದ ಮೇಲೆ ಮೈಸೂರು ಸೀಮೆಯ ಸರ್ವೆಗೆ ನೇಮಕವಾದ ಕಾಲಿನ್ ಮೆಕೆಂಜಿ. ಗೆದ್ದ ಕಂಪನಿಗೆ ತಾನು ಗೆದ್ದದ್ದೆಷ್ಟು ಎಂದು ತಿಳಿಯಬೇಕಿತ್ತು, ಅದಕ್ಕಾಗಿ ಸರ್ವೆ. ಆದರೆ ಮೆಕೆಂಜಿ ಅಳತೆಯೊಂದರಿಂದ ತೃಪ್ತನಾಗಲಿಲ್ಲ. ಕಾವಲಿ ವೆಂಕಟ ಬೋರಯ್ಯ, ಲಕ್ಷ್ಮಯ್ಯ ಮೊದಲಾದ ನಮ್ಮ ದೇಶದ ಸಹಾಯಕರನ್ನು ಊರೂರಿಗೆ ಕಳಿಸಿ ಶಾಸನಗಳ ಪ್ರತಿ, ಹಳೆಯ ಕಡತ, ಊರ ಹಿರಿಯರು ಹೇಳಿದ ಚರಿತ್ರೆ ಎಲ್ಲವನ್ನೂ ಬರೆಸಿ ತರಿಸಿದ. ಆ ಬರಹಗಳಿಗೆ ಕೈಫಿಯತ್ತುಗಳೆಂದು ಹೆಸರು. ಅಳೆಯಲು ಸರಪಳಿ, ಕೇಳಲು ಕಿವಿ. ಇವೆರಡೂ ಜೊತೆಗಿರಬೇಕೆಂಬ ಅವನ ತಿಳಿವಳಿಕೆ ಮುಂದಿನ ಸರ್ವೆಯವರಿಗೆ ಉಳಿಯಲಿಲ್ಲ. ಅವರು ಕೊಟ್ಟುಹೋದದ್ದು ನಕ್ಷೆ. ಕೈಫಿಯತ್ತು ಬರೆಯುವ ಕೆಲಸ ನಮ್ಮ ಪಾಲಿಗೆ ಬಾಕಿ ಉಳಿದಿದೆ.

ಅದು ಎಷ್ಟು ಅವಸರದ ಕೆಲಸವೆಂದು ನನಗೆ ತಿಳಿಸಿಕೊಟ್ಟವಳು ಒಂಬತ್ತನೇ ತರಗತಿಯ ಒಬ್ಬ ಹುಡುಗಿ. ಇಪ್ಪತ್ತು ವರ್ಷದ ಹಿಂದಿನ ಮಾತು. ಹಾಳೆಯ ಮೇಲೆ ತಮ್ಮ ತಮ್ಮ ಊರು ಹುಡುಕಿ, ಆ ಊರಿನ ಬಗ್ಗೆ ಮನೆಯ ಹಿರಿಯರನ್ನು ಕೇಳಿ ಎರಡು ಪುಟ ಬರೆದು ತನ್ನಿ ಎಂದಿದ್ದೆ. ಎಲ್ಲರೂ ಹುಡುಕಿದರು. ಇವಳು ಮಾತ್ರ ಬಹಳ ಹೊತ್ತು ಹಾಳೆಯ ಮೇಲೆ ಬಗ್ಗಿದ್ದು, "ಮಿಸ್, ನಮ್ಮೂರು ಎಲ್ಲೂ ಇಲ್ಲ" ಎಂದಳು. ಅವಳು ಬರುತ್ತಿದ್ದುದು ಭದ್ರಾವತಿ ತಾಲ್ಲೂಕಿನ ಕಾಡಂಚಿನ ಒಂದು ಕೇರಿಯಿಂದ. ಹಳೆಯ ಹಾಳೆಯಲ್ಲಿ ಆ ಜಾಗ ಬರೀ ಹಸಿರು. ಹೊಸ ಹಾಳೆಯಲ್ಲಿ ಹಸಿರಿನ ನಡುವೆ ಹೆಸರಿಲ್ಲದ ನಾಲ್ಕು ಕೆಂಪು ಚುಕ್ಕೆ.

ಮುಂದಿನ ಭಾನುವಾರ ಅವಳ ಅಜ್ಜ ತಾವಾಗಿ ನಮ್ಮ ಮನೆಗೆ ಬಂದರು. "ಮಗು ಅತ್ತುಬಿಟ್ಟಳು ಟೀಚರ್ರೆ. ನಮ್ಮೂರು ಇತ್ತು. ನೀವು ಹುಡುಕಿದ ಕಡೆ ಅಲ್ಲ" ಎಂದರು. ಅವರು ಶರಾವತಿ ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಸಾಗರ, ಹೊಸನಗರದ ಕಡೆಯ ನೂರಾರು ಹಳ್ಳಿಕೇರಿಗಳ ಗದ್ದೆ ತೋಟ ನೀರಿನಡಿಗೆ ಹೋಯಿತು. ಅದಕ್ಕೂ ಮೊದಲು ಜೋಗದ ವಿದ್ಯುತ್ತಿಗಾಗಿ ಮಡೆನೂರಿನಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಆ ನೀರಿನೊಳಗೆ ಮುಳುಗಿತು. ಎದ್ದು ಬಂದ ಕುಟುಂಬಗಳಲ್ಲಿ ಎಷ್ಟೋ ಶಿವಮೊಗ್ಗ, ಭದ್ರಾವತಿ ಸುತ್ತಿನ ಕಾಡಿಗೆ ಬಂದು ಬಿದ್ದವು.

ಅಜ್ಜನ ಊರಿರುವುದು 48 ಜೆ ಎಂಬ ಪಾಲಿನಲ್ಲಿ. ಮೇಷ್ಟ್ರಿಗೆ ಕಾಗದ ಬರೆದು, ಅವರ ಹಳೆಯ ಶಿಷ್ಯರೊಬ್ಬರ ಮೂಲಕ ಅದರ ಹಳೆಯ ಹಾಳೆಯ ಪ್ರತಿ ತರಿಸಿದೆ. ಅಜ್ಜನಿಗೆ ಇಂಗ್ಲಿಷ್ ಅಕ್ಷರ ಬಾರದು. ಮೊಮ್ಮಗಳು ಕೂಡಿಸಿ ಕೂಡಿಸಿ ಓದಿದಳು. ಸರ್ವೆಯವರ ಅಕ್ಷರದಲ್ಲಿ ಲಕಾರ ಳಕಾರಗಳಿಗೆ ಭೇದವಿಲ್ಲ, ಕುಲವೂ ಕುಳವೂ ಒಂದೇ. ಅವಳು ಓದಿದ ಒಂದೊಂದು ಹೆಸರನ್ನೂ ಅವರು ತಿದ್ದಿ ಹೇಳಿದರು. ಕೊನೆಗೆ ತಮ್ಮ ಊರು ಸಿಕ್ಕಾಗ ಬೆರಳನ್ನು ಅದರ ಮೇಲೆ ಇಡಲಿಲ್ಲ, ಪಕ್ಕದಲ್ಲಿಟ್ಟರು. "ಈ ಗೀಟು ಗಾಡಿ ದಾರಿ. ಇಲ್ಲಿ ದೇವಸ್ಥಾನ ಹಾಕಿದ್ದಾರೆ, ಸರಿ. ತೋಟಕ್ಕೆ ಅಬ್ಬಿ ನೀರು ಬರ್ತಿತ್ತಲ್ಲ, ಅದನ್ನ ಹಾಕಿಲ್ಲ" ಎಂದರು. ಅಡಿಕೆ ದಂಬೆಯಲ್ಲಿ ಗುಡ್ಡದಿಂದ ಮನೆ ಬಾಗಿಲಿಗೆ ಇಳಿಯುತ್ತಿದ್ದ ಆ ನೀರಿನ ದಾರಿಯನ್ನು ಪೆನ್ಸಿಲಿನಲ್ಲಿ ಎಳೆಯಲು ಮೊಮ್ಮಗಳಿಗೆ ಹೇಳಿಕೊಟ್ಟರು. ಹಾಗೆ ಆ ಪ್ರತಿಯ ಮೇಲೆ ಸರ್ವೆಯವರಿಗೆ ಸಿಗದ ಒಂದು ನೀಲಿ ಗೆರೆ ಸೇರಿತು.

ಆಮೇಲೆ ಅವರು ಆಡಿದ ಮಾತು ನನ್ನ ನೋಟುಬುಕ್ಕಿನಲ್ಲಿದೆ. "ಈಗಿನ ಕಾಗದದಲ್ಲಿ ನಾವು ಕಾಡು ಒತ್ತಿದವರು ಅಂತ ಇದೆ. ನಾವಾಗಿ ಕಾಡಿಗೆ ಬಂದವರಲ್ಲ ಅಮ್ಮ. ಲಾರಿಯಲ್ಲಿ ತಂದು ಇಳಿಸಿಹೋದರು."

ಈ ಮಾತನ್ನು ನಾನು ಬಹಳ ದಿನ ಯೋಚಿಸಿದೆ. ಭದ್ರಾವತಿಯ ಕಾಡಿನ ಹಾಳೆಯೊಂದನ್ನೇ ನೋಡಿದರೆ ಅವರು ಹಸಿರಿನೊಳಗೆ ನುಗ್ಗಿದವರು. ಅದಕ್ಕೆ ನಕ್ಷೆಯೇ ಸಾಕ್ಷಿ. ಸಾಗರದ ಕಡೆಯ ಹಾಳೆಯನ್ನೂ ಪಕ್ಕಕ್ಕಿಟ್ಟರೆ ಹಳದಿಯಿದ್ದ ಗದ್ದೆ ನೀಲಿಯಾದದ್ದು ಕಾಣುತ್ತದೆ. ಎರಡೂ ಹಾಳೆಗಳ ನಡುವೆ ಒಂದು ಲಾರಿ ಓಡಿದೆ, ಅದನ್ನು ಯಾವ ಹಾಳೆಯೂ ಬರೆದಿಲ್ಲ. ಇನ್ನೂ ಒಂದು ಸಂಗತಿ ಇದೆ. ಜೋಗದ ವಿದ್ಯುದಾಗಾರ ನಡೆಯತೊಡಗಿದ್ದು 1948ರಲ್ಲಿ. 1950ರ ದಶಕದಲ್ಲಿ ಭದ್ರಾವತಿಯ ಕಾರ್ಖಾನೆಗೆ ವಿದ್ಯುತ್ ಕುಲುಮೆಗಳು ಬಂದು ಇದ್ದಿಲಿನ ಮೇಲಿನ ಭಾರ ಇಳಿಯಿತು. ಅಂದರೆ ಶರಾವತಿಯನ್ನು ಕಟ್ಟಿಹಾಕಿದ ನೀರು ವಿದ್ಯುತ್ತಾಗಿ ಬೆಂಕಿಪುರದ ಕುಲುಮೆಗೆ ಬಂತು. ಆ ಹೊಳೆಯ ದಂಡೆಯ ಜನ ನಿರಾಶ್ರಿತರಾಗಿ ಬೆಂಕಿಪುರದ ಕಾಡಿಗೆ ಬಂದರು. ತಂತಿಯ ಮೇಲೆ ಬಂದದ್ದಕ್ಕೆ ಲೆಕ್ಕವಿದೆ, ಮೀಟರಿದೆ. ಲಾರಿಯಲ್ಲಿ ಬಂದವರ ಹಕ್ಕುಪತ್ರದ ಪ್ರಶ್ನೆ ಮಾತ್ರ ಎಷ್ಟೋ ಮನೆಗಳಲ್ಲಿ ಇಂದಿಗೂ ಬಗೆಹರಿದಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಾಡಿನ ಜಮೀನು ಬಿಡಿಸಲು ಕೇಂದ್ರದ ಒಪ್ಪಿಗೆಯೂ ಬೇಕು. ಕಾಡು ಉಳಿಯಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಕಾಡು ಕರಗಿದ್ದಕ್ಕೆ ಉತ್ತರ ಹೇಳಬೇಕಾದವರ ಸಾಲಿನಲ್ಲಿ ಆ ಅಜ್ಜನನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸುವುದು ಯಾವ ನ್ಯಾಯ?

ಆ ಹುಡುಗಿ ಬರೆದು ತಂದದ್ದು ಎರಡು ಪುಟವಲ್ಲ, ಹನ್ನೊಂದು ಪುಟ. ಮುಳುಗಿದ ಊರಿನ ಹದಿನಾಲ್ಕು ಮನೆಗಳ ಹೆಸರು, ಯಾರ ಮನೆಯಲ್ಲಿ ಎಷ್ಟು ಎಮ್ಮೆ, ಯಾವ ಗದ್ದೆಗೆ ಏನು ಹೆಸರು, ಕೊನೆಯ ವರ್ಷ ಸುಗ್ಗಿ ಮಾಡಿದರೋ ಇಲ್ಲವೋ, ಎಲ್ಲ ಅದರಲ್ಲಿದೆ. ಅಜ್ಜ ಈಗಿಲ್ಲ. ಅವರ ವಯಸ್ಸಿನವರು ಆ ಕೇರಿಯಲ್ಲಿ ಈಗ ಒಬ್ಬರೋ ಇಬ್ಬರೋ.

ಹಾಳೆ ದೊರಕಿಸುವುದು ಈಗ ಹಿಂದಿನಷ್ಟು ಕಷ್ಟವಿಲ್ಲ. ಮೇಷ್ಟ್ರ ಕಾಲದಲ್ಲಿ ಅರ್ಜಿ, ಸಹಿ, ಮುದ್ರೆ ಎಂದು ಅಲೆಯಬೇಕಿತ್ತು. 2005ರ ರಾಷ್ಟ್ರೀಯ ನಕ್ಷಾ ನೀತಿಯಿಂದ ಸಾರ್ವಜನಿಕರಿಗೆಂದೇ ಬೇರೆ ಮಾಲೆಯ ಹಾಳೆಗಳು ಬಂದವು. 2017ರಿಂದ ಅವುಗಳನ್ನು ಕಂಪ್ಯೂಟರಿನಲ್ಲೇ ಉಚಿತವಾಗಿ ಇಳಿಸಿಕೊಳ್ಳಲು ಸರ್ವೆ ಇಲಾಖೆ ಅವಕಾಶ ಮಾಡಿತು. ಹೊಸ ಮಾಲೆಯಲ್ಲಿ ಸಂಖ್ಯೆಯ ಕ್ರಮ ಬೇರೆ, ನೆಲ ಅದೇ. ಹಳೆಯ ಹಾಳೆಗಳು ಮಾತ್ರ ನಿವೃತ್ತ ಇಂಜಿನಿಯರುಗಳ ಟ್ರಂಕಿನಲ್ಲಿ, ಕಾಲೇಜುಗಳ ಭೂಗೋಳ ವಿಭಾಗದ ಬೀರುಗಳ ಮೇಲೆ ಧೂಳು ತಿನ್ನುತ್ತಿರುತ್ತವೆ, ಕೇಳಿದರೆ ಸಿಗುತ್ತವೆ. ಹಳ್ಳಿಯ ನಕಾಶೆ ತಾಲ್ಲೂಕಿನ ಸರ್ವೆ ಕಚೇರಿಯಲ್ಲಿ ಸಿಗುತ್ತದೆ. ಅದರಲ್ಲಿ ಬೇಚಿರಾಕ್ ಎಂದು ಬರೆದಿದ್ದರೆ ಜನವಸತಿಯಿಲ್ಲದ ಊರೆಂದು ಅರ್ಥ. ಅಂಥ ಊರು ಯಾಕೆ ಬರಿದಾಯಿತು, ಪ್ಲೇಗೋ, ಮಲೇರಿಯವೋ, ಬರವೋ ಎಂದು ಪಕ್ಕದ ಊರಿನವರನ್ನು ಕೇಳಿದರೆ ಏನಾದರೊಂದು ಕಥೆ ಇದ್ದೇ ಇರುತ್ತದೆ. ಊರ ಕಲ್ಲುಗಳ ಮೇಲಿನ ಬರಹಕ್ಕೆ ರೈಸ್ ಅವರು 1902ರಲ್ಲಿ ಹೊರತಂದ ಶಾಸನ ಸಂಪುಟವಿದೆ. ಇಷ್ಟಿದ್ದರೆ ಯಾವ ಹೈಸ್ಕೂಲಾದರೂ ತನ್ನ ಸುತ್ತಿನ ಹತ್ತು ಹಳ್ಳಿಯ ಚರಿತ್ರೆ ಬರೆಯಬಹುದು.

ನಕ್ಷೆ ಹಳತಾಗುವುದು ನಿಲ್ಲುವುದಿಲ್ಲ. 2014ರ ನವೆಂಬರಿನಲ್ಲಿ ನಮ್ಮ ಜಿಲ್ಲೆಯ ಹೆಸರಿನ ಇಂಗ್ಲಿಷ್ ಕಾಗುಣಿತ ಬದಲಾಗಿ, ನಾವು ಬಾಯಲ್ಲಿ ಹೇಳುವ ಶಿವಮೊಗ್ಗವೇ ಅಲ್ಲಿಗೂ ಬಂತು. 2023ರ ಜನವರಿಯಲ್ಲಿ ಭದ್ರಾವತಿಯ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಪ್ರಕಟವಾಗಿ ಕಾರ್ಮಿಕರು ಬೀದಿಗಿಳಿದರು. ಮರು ತಿಂಗಳ 27ರಂದು ಅದೇ ಹಾಳೆಯ ಸೋಗಾನೆಯಲ್ಲಿ ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು. ಮುಂದಿನ ಹಾಳೆಯಲ್ಲಿ ಅಲ್ಲೊಂದು ಉದ್ದನೆಯ ಪಟ್ಟೆ ಬರುತ್ತದೆ. ಆ ಪಟ್ಟೆಯ ಕೆಳಗೆ ಯಾವ ಹೊಲವಿತ್ತು, ಯಾರು ಏನು ಬೆಳೆಯುತ್ತಿದ್ದರು ಎಂದು ಹೇಳಬಲ್ಲವರು ಇವತ್ತು ಸೋಗಾನೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಈ ವರ್ಷದ ಮಕ್ಕಳನ್ನು ನೋಟುಬುಕ್ಕು ಕೊಟ್ಟು ಅಲ್ಲಿಗೆ ಕಳಿಸಿದ್ದೇನೆ.